ಏಕರೂಪ ಪರೀಕ್ಷೆಗೆ ಬದಲಾಗಿ ಏನನ್ನು ಬಳಸಬಹುದು?

ಪ್ರಶ್ನೆ: ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಮೂರು ಗಂಟೆಗಳಲ್ಲಿ ಬರೆದದ್ದನ್ನೇ ಇಡೀ ವರ್ಷದ ಕಲಿಕೆಯ ಅಳತೆಯೆಂದು ಒಪ್ಪುವುದು ನನಗೆ ಸರಿಕಾಣುತ್ತಿಲ್ಲ. ತರಗತಿಯಲ್ಲಿ ನಿಜವಾಗಿ ನಡೆಸಬಹುದಾದ ಬೇರೆ ಮೌಲ್ಯಮಾಪನ ಕ್ರಮಗಳು ಯಾವುವು?

ಉತ್ತರ 1: ಪೋರ್ಟ್‌ಫೋಲಿಯೊ, ಅಂದರೆ ಮಗುವಿನ ಕೆಲಸಗಳ ಸಂಗ್ರಹ, ಒಂದು ದಾರಿ. ಮಗುವಿನ ಮೊದಲ ಕರಡು, ತಿದ್ದಿದ ಪ್ರತಿ, ಅಂತಿಮ ಬರಹ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ, ಅದು ತನ್ನ ತಪ್ಪನ್ನು ಹೇಗೆ ಗುರುತಿಸಿಕೊಂಡಿತು ಎಂಬುದು ತಿಳಿಯುತ್ತದೆ. ಅಂಕಪಟ್ಟಿ ಇದನ್ನು ಹೇಳುವುದಿಲ್ಲ.

ಉತ್ತರ 2: ಒಪ್ಪುತ್ತೇನೆ, ಆದರೆ ಅಮೆರಿಕದ ವರ್ಮಾಂಟ್ ರಾಜ್ಯವು 1990ರ ದಶಕದ ಆರಂಭದಲ್ಲಿ ಇದನ್ನು ವ್ಯಾಪಕವಾಗಿ ಜಾರಿಗೆ ತಂದಾಗ, ಒಂದೇ ಪೋರ್ಟ್‌ಫೋಲಿಯೊಗೆ ಇಬ್ಬರು ಮೌಲ್ಯಮಾಪಕರು ಕೊಟ್ಟ ಅಂಕಗಳು ಹೊಂದದಿರುವುದೇ ದೊಡ್ಡ ತೊಡಕಾಯಿತು. ಆದ್ದರಿಂದ ಮಾನದಂಡಗಳನ್ನು ಮೊದಲೇ ಬರೆದಿಟ್ಟು, ಕೆಲವು ಮಾದರಿಗಳನ್ನು ಶಿಕ್ಷಕರು ಒಟ್ಟಾಗಿ ಕುಳಿತು ತಿದ್ದಿ, ತಮ್ಮ ಅಂಕಗಳನ್ನು ಹೋಲಿಸಿಕೊಳ್ಳಬೇಕು. (ಇದಕ್ಕೆ ಸಮಯ ಕೊಡದೆ ಪೋರ್ಟ್‌ಫೋಲಿಯೊ ಕೇಳುವವರೇ ಹೆಚ್ಚು.)

ಉತ್ತರ 3: ಮೌಖಿಕ ಸಮರ್ಥನೆಯನ್ನೂ (ಮಗು ತನ್ನ ಬರಹದ ಬಗ್ಗೆ ಬಾಯಿಮಾತಿನಲ್ಲಿ ಉತ್ತರಿಸುವುದು) ಸೇರಿಸಿ. ಮನೆಯವರು ಬರೆದುಕೊಟ್ಟರೇ ಎಂಬ ಸಂಶಯ ಐದು ನಿಮಿಷಗಳ ಪ್ರಶ್ನೋತ್ತರದಲ್ಲಿ ಬಹುಮಟ್ಟಿಗೆ ತೀರುತ್ತದೆ. ಇಡೀ ವ್ಯವಸ್ಥೆಯ ಮಟ್ಟವನ್ನಷ್ಟೇ ತಿಳಿಯಬೇಕಿದ್ದರೆ, ಫಿನ್ಲೆಂಡಿನಲ್ಲಿರುವಂತೆ ಆಯ್ದ ಶಾಲೆಗಳಲ್ಲಿ ಮಾತ್ರ ಮಾದರಿ ಮೌಲ್ಯಮಾಪನ ನಡೆಸಿದರೆ ಸಾಕು. ಪ್ರತಿಯೊಂದು ಮಗುವನ್ನೂ ಪರೀಕ್ಷೆಗೆ ಕೂರಿಸಬೇಕಿಲ್ಲ.