ಒಸಿಡಿಗೆ ಟಿಎಂಎಸ್ ಮಾಡಿಸುವಾಗ ಥೆರಪಿ ನಿಲ್ಲಿಸಬೇಕಾ?

ಪ್ರಶ್ನೆ

ತಮ್ಮನಿಗೆ ಒಸಿಡಿ, ಅಂದ್ರೆ ಬೇಡ ಅಂದ್ರೂ ಒಂದೇ ಅನುಮಾನ ಕಾಡಿ, ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಕಾಯಿಲೆ. ಚಿಲಕ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು ಮತ್ತೆ ಹತ್ತಿ ಬರ್ತಾನೆ. ಎಳೆದೆಳೆದು ಬೆರಳು ಕೆಂಪಾಗಿದ್ರೂ "ಅಕ್ಕಾ, ಹಾಕಿದೀನಿ ಅಲ್ವಾ?" ಅಂತಾನೆ. ಮಾತ್ರೆ ನಡೀತಿದೆ, ಇಆರ್‌ಪಿ ಥೆರಪಿಯೂ ಇದೆ. ಅದರಲ್ಲಿ ಭಯ ಹುಟ್ಟಿಸೋದನ್ನ ಎದುರಿಸಿ, ಮತ್ತೆ ಪರೀಕ್ಷಿಸದೆ ಕೂರೋ ಅಭ್ಯಾಸ ಮಾಡಿಸ್ತಾರೆ. ಆದ್ರೆ ಆತಂಕ ಇಳಿಯೋ ತನಕ ಕೂರೋಕಾಗದೆ ಮಧ್ಯದಲ್ಲೇ ಎದ್ದುಬಿಡ್ತಾನೆ. ಈಗ ಡಾಕ್ಟರು ಟಿಎಂಎಸ್ (ತಲೆಯ ಹೊರಗಿನಿಂದ ಮಿದುಳಿಗೆ ಕಾಂತದ ಮಿಡಿತ ಕೊಡೋ ಚಿಕಿತ್ಸೆ) ಮಾಡಿಸೋಣ ಅಂದಿದ್ದಾರೆ. ಅದು ಮುಗಿಯೋವರೆಗೆ ಥೆರಪಿ ಬೇಡ ಅಂತ ಮನೆಯವರು. ನನಗ್ಯಾಕೋ ಸರಿ ಅನ್ನಿಸ್ತಿಲ್ಲ. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಉತ್ತರ 1

ನಿಲ್ಲಿಸಬೇಡಿ. ನಾನು ಎರಡನ್ನೂ ಒಟ್ಟಿಗೆ ಮಾಡಿಸಿಕೊಂಡವಳು. ನನ್ನದು ಕೊಳೆಯ ಭಯ. ತಲೆಗೆ ಹೆಲ್ಮೆಟ್ ಹಾಕೋ ಮುಂಚೆ ಚಪ್ಪಲಿಯ ಅಡಿ ಮುಟ್ಟಿಸೋರು, ಕೈ ತೊಳೆಯೋ ಹಾಗಿಲ್ಲ. ಮೈಯೆಲ್ಲ ಚಡಪಡಿಸ್ತಿರೋವಾಗಲೇ ಯಂತ್ರ ಶುರು. ಮರಕುಟಿಗ ಕುಟ್ಟಿದ ಹಾಗೆ ಟಕಟಕ. ಕಿವಿಗೆ ಪ್ಲಗ್ ಕೊಡ್ತಾರೆ. ಮೊದಮೊದಲು ತಲೆನೋವು ಬಂತು, ಆಮೇಲೆ ಹೋಯ್ತು.

ಆ ಚಪ್ಪಲಿ ಮುಟ್ಟಿಸೋದು ಚಿಕಿತ್ಸೆಯದೇ ಭಾಗ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಸಿಡಿಗಾಗಿ ಡೀಪ್ (ಮಿದುಳಿನ ಇನ್ನಷ್ಟು ಆಳ ತಲುಪೋ) ಟಿಎಂಎಸ್‌ಗೆ ಒಪ್ಪಿಗೆ ಕೊಟ್ಟಿದ್ದು ಇಂಥದ್ದೇ ಪ್ರಯೋಗ ನೋಡಿ. ಅದರಲ್ಲೂ ಪ್ರತಿ ಸಲ ಮೊದಲು ಆತಂಕ ಕೆರಳಿಸ್ತಿದ್ರು, ಮಿದುಳಲ್ಲಿ ಒಸಿಡಿಯ ಸರ್ಕ್ಯೂಟ್ ಎಚ್ಚರವಾಗಿರೋವಾಗಲೇ ಅದಕ್ಕೆ ಕಾಂತದ ಮಿಡಿತ ತಟ್ಟಲಿ ಅಂತ. ಲಕ್ಷಣಗಳು ಶೇ. 30ರಷ್ಟಾದರೂ ಇಳಿದವರು ಶೇ. 38, ನಕಲಿ ಚಿಕಿತ್ಸೆ ಪಡೆದವರಲ್ಲಿ ಶೇ. 11. ಅಂದ್ರೆ ಎಲ್ಲರಿಗೂ ಫಲಿಸಲ್ಲ, ಅದನ್ನೂ ಮನಸ್ಸಲ್ಲಿಟ್ಟುಕೊಳ್ಳಿ.

ನನ್ನ ಭಯ ಪೂರ್ತಿ ಹೋಗಲಿಲ್ಲ. ಆದ್ರೆ ಭಯ ಹುಟ್ಟೋದಕ್ಕೂ ಕೈ ನಲ್ಲಿಗೆ ಹೋಗೋದಕ್ಕೂ ನಡುವೆ ಒಂಚೂರು ಬಿಡುವು ಸಿಕ್ತು. ಆ ಬಿಡುವಲ್ಲಿ ಏನು ಮಾಡಬೇಕು ಅಂತ ಕಲಿಸಿದ್ದು ಥೆರಪಿ.

ಉತ್ತರ 2

ನಾನು ಮನಶ್ಶಾಸ್ತ್ರಜ್ಞ. ಜೋಡಿ ಚಿಕಿತ್ಸೆಯೇ ಮೇಲು ಅಂತ ಗಟ್ಟಿಯಾಗಿ ಹೇಳೋಕೆ ಇನ್ನೂ ದೊಡ್ಡ ಅಧ್ಯಯನಗಳು ಬೇಕು. ಆದರೂ ನಿಮ್ಮ ತಮ್ಮನ ತೊಂದರೆ ಅಭ್ಯಾಸದಲ್ಲಿ ಕೂರಲಾಗದಿರುವುದು. ಅಂಥವರಿಗೆ ಥೆರಪಿ ಬಿಡಿಸೋದು ನನಗೂ ಸರಿಕಾಣಲ್ಲ. ಹಿಂದೆ ಫಿಟ್ಸ್ ಬಂದಿದ್ರೆ, ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಿವಿಯೊಳಗೆ ಇಂಪ್ಲಾಂಟ್ ಇದ್ರೆ ಡಾಕ್ಟರಿಗೆ ಮೊದಲೇ ಹೇಳಿ. ಇನ್ನೊಂದು ಮಾತು: "ಹಾಕಿದೀಯ ಕಣೋ" ಅಂತ ನೀವು ಪ್ರತಿ ಸಲ ಹೇಳೋದೂ ಒಸಿಡಿಗೆ ಮೇವೇ.

ಪ್ರಶ್ನೆ ಕೇಳಿದವರು

ಮತ್ತೆ ಅವನು ಕೇಳಿದಾಗ ಏನನ್ನಲಿ ಸರ್? ಅವನ ಮುಖ ನೋಡಿ ಸುಮ್ಮನಿರೋಕಾಗಲ್ಲ.

ಉತ್ತರ 2

ಸುಮ್ಮನಿರಬೇಡಿ. "ಇದು ಒಸಿಡಿ ಕೇಳ್ತಿರೋ ಪ್ರಶ್ನೆ, ನಾನಿಲ್ಲೇ ಇರ್ತೀನಿ, ಇಬ್ಬರೂ ಕಾಯೋಣ" ಅನ್ನಿ. ಆದ್ರೆ ದಿಢೀರಂತ ಶುರು ಮಾಡಬೇಡಿ. ಥೆರಪಿಸ್ಟ್ ಎದುರು ಅವನ ಒಪ್ಪಿಗೆ ತಗೊಂಡೇ ಮಾಡಿ.