ಡಾಕ್ಟರನ್ನು ಕೇಳಿ: ತನ್ನನ್ನೇ ನೋಯಿಸಿಕೊಳ್ಳುವುದು ಚಟವಾಗುತ್ತದಾ?

ತಾಯಿ, ತುಮಕೂರು: ಮೇಡಂ, ಮಗಳು ಸೆಕೆಂಡ್ ಪಿಯುಸಿ. ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾಳೆ. ಎರಡು ಸಲ ಆಣೆ ಹಾಕಿಸಿಕೊಂಡೆ. "ಆಗ ತಲೆ ಹಗುರ ಆಗುತ್ತೆ ಅಮ್ಮ, ಬಿಡೋಕೆ ಆಗ್ತಿಲ್ಲ" ಅನ್ನುತ್ತಾಳೆ. ಕುಡಿತದ ಥರ ಚಟವಾ ಇದು?

ಡಾಕ್ಟರ್: ಅಮ್ಮಾ, ಅವಳು ಸುಳ್ಳು ಹೇಳುತ್ತಿಲ್ಲ. ಗಾಯವಾದಾಗ ನೋವು ತಗ್ಗಿಸಲು ಮೆದುಳು ಎಂಡಾರ್ಫಿನ್ ಬಿಡುತ್ತದೆ. ಅಫೀಮಿನ ಥರ ಕೆಲಸ ಮಾಡುವ, ಮೈಯೊಳಗಿನದೇ ರಾಸಾಯನಿಕ ಅದು. ಮೈನೋವು ಇಳಿಯುವಾಗ ಮನಸ್ಸಿನ ಸಂಕಟವೂ ಸ್ವಲ್ಪ ಹೊತ್ತು ಇಳಿಯುತ್ತದೆ. ಸಂಕಟ ಬಂದರೆ ಇದೇ ದಾರಿ ಅಂತ ಮೆದುಳು ಕಲಿತುಬಿಡುತ್ತದೆ. ಆಮೇಲೆ ನಾಚಿಕೆ, ಮುಚ್ಚಿಡುವುದು, ಬೈಗುಳ. ಮತ್ತೆ ಸಂಕಟ. ಕೆಲವರಿಗೆ ಬರಬರುತ್ತಾ ಮೊದಲಿನ ಸಮಾಧಾನ ಸಿಗುವುದಿಲ್ಲ, ನನಗೆ ಭಯ ಅದೇ.

ಆದರೂ ವೈದ್ಯರು ಇದನ್ನು ಚಟಗಳ ಪಟ್ಟಿಗೆ ಸೇರಿಸಿಲ್ಲ. ಕುಡಿಯುವವನಿಗೆ ಖುಷಿಯಲ್ಲೂ ಕುಡಿಯಬೇಕು ಅನ್ನಿಸುತ್ತದೆ. ಈ ತುಡಿತ ಹೆಚ್ಚಾಗಿ ಸಂಕಟದಲ್ಲೇ ಬರುವುದು. ಹಾಗಾಗಿ ನೋಡಬೇಕಾದ್ದು ಆ ಸಂಕಟವನ್ನು. ಆಣೆ ಹಾಕಿಸಬೇಡಿ, ಮುರಿದಾಗ ನಿಮ್ಮಿಂದಲೂ ಮುಚ್ಚಿಡುತ್ತಾಳೆ. ತುಡಿತ ಏರುತ್ತದೆ, ಇಳಿಯುತ್ತದೆ. ಅಷ್ಟು ಹೊತ್ತು ಪಕ್ಕದಲ್ಲಿರಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೇ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ. ಇಲ್ಲ ಅಂದರೂ ಈ ವಾರ ಮನೋವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸದಸ್ಯೆ, ಹಾಸನ: ಫಾರ್ವರ್ಡ್ ಬಂದಿದೆ. ಅಮಾವಾಸ್ಯೆಗೆ ದೃಷ್ಟಿ ತೆಗೆದು ಬ್ರಾಹ್ಮಿ ಎಣ್ಣೆ ಹಚ್ಚಿದರೆ 21 ದಿನದಲ್ಲಿ ಗುಣವಂತೆ.

ಡಾಕ್ಟರ್: ಎಣ್ಣೆ ಹಚ್ಚಿ, ಬೇಡ ಅನ್ನಲ್ಲ. ಆದರೆ 21 ದಿನ ಕಾಯಿಸಬೇಡಿ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಸದಸ್ಯ, ದಾವಣಗೆರೆ: ಗಮನ ಸೆಳೆಯೋಕೆ ಮಾಡ್ತಾರೆ. ಮೊಬೈಲ್ ಕಿತ್ತಿಟ್ಟುಕೊಳ್ಳಿ, ಸರಿಹೋಗ್ತಾಳೆ.

ಸದಸ್ಯ, ಮೈಸೂರು: ಸರ್, ನಾನು ನಾಲ್ಕು ವರ್ಷ ಯಾರಿಗೂ ಗೊತ್ತಾಗದ ಹಾಗೆ ಇದನ್ನು ಅನುಭವಿಸಿದೆ. ಗಮನ ಬೇಕಿದ್ದರೆ ಮುಚ್ಚಿಡುತ್ತಿದ್ದೆನಾ?

ದಾವಣಗೆರೆ: ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ.

ಮೈಸೂರು: ಇತ್ತು. ನಿಮಗೆ ಯಾರೂ ಹೇಳಲಿಲ್ಲ ಅಷ್ಟೇ.

ದಾವಣಗೆರೆ: ದೊಡ್ಡವರ ಹತ್ತಿರ ಮಾತಾಡೋ ರೀತಿನಾ ಇದು?

ಸದಸ್ಯೆ, ಶಿರಸಿ: ನನಗೆ 41. ಈ ವಯಸ್ಸಲ್ಲೂ ಇದು ಇರುತ್ತಾ ಮೇಡಂ?

ಸದಸ್ಯ, ಕೋಲಾರ: ಹಾಗಾದರೆ ಇದು ಚಟವಾ ಅಲ್ವಾ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಕೋಲಾರ: ಮಾತ್ರೆ ಹೆಸರು ಹೇಳಿ ಸಾಕು.

ಡಾಕ್ಟರ್: ಇದಕ್ಕೆಂದೇ ಮಾತ್ರೆ ಇಲ್ಲ. ಖಿನ್ನತೆ ಇದ್ದರೆ ಅದಕ್ಕಿದೆ. ನೋಡದೆ ಬರೆಯಲ್ಲ.

ದಾವಣಗೆರೆ: ಡಾಕ್ಟರಿಗೆ ಕೋಪ ಜಾಸ್ತಿ.

ಡಾಕ್ಟರ್: ಇಲ್ಲೊಬ್ಬ ತಾಯಿ ಕಾಯುತ್ತಿದ್ದಾರೆ, ನಿಮ್ಮ ಜಗಳ ಹೊರಗಿಟ್ಟುಕೊಳ್ಳಿ. ತುಮಕೂರಿನ ಅಮ್ಮ, ಕೇಳಿದಿರಾ ಅವಳನ್ನು?

ತುಮಕೂರು: ಕೇಳಿದೆ ಮೇಡಂ. ಇಲ್ಲ ಅಂದಳು. "ಬೈತೀಯಾ ಅಂದ್ಕೊಂಡಿದ್ದೆ" ಅಂತ ಅತ್ತಳು. ಈಗ ನನ್ನ ಪಕ್ಕದಲ್ಲೇ ಮಲಗಿದ್ದಾಳೆ.