ಉಚ್ಚಾರಣೆ ಕಲಿಸಲು ಹೋದರೆ ಡಿಗ್ರಿ ಮಕ್ಕಳು ಬಾಯಿ ಬಿಡಲ್ಲ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಹಾರಂಗಿ_ದಂಡೆ
ಕುಶಾಲನಗರ ಕಡೆಯ ಬಿ.ಕಾಂ. ತರಗತಿ. ಮನೆಮಾತು ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ಎಲ್ಲ ಬೆರಕೆ. ಇಂಗ್ಲಿಷ್ ಉಚ್ಚಾರಣೆ ಬೇಕಾ ಅಂದರೆ ಎಲ್ಲರೂ ಹೂಂ ಅಂತಾರೆ. ಎದ್ದು ಓದಿ ಅಂದರೆ ತಲೆ ಕೆಳಗೆ. ಯಾರಾದರೂ ಸರಿಯಾಗಿ ಹೇಳಿದರೆ ಹಿಂದಿನ ಬೆಂಚಿನಿಂದ 'ಏನ್ ಶೋಕಿ ಮಾರಾಯ' ಅಂತ ಬರುತ್ತೆ. ವಾರಕ್ಕೆ ಒಂದೇ ಗಂಟೆ. 44 ಧ್ವನಿಗಳ ಪಟ್ಟಿಯಿಂದ ಹೊರಡಲೇ?

ಕಾಫಿಹೂ
ಪಟ್ಟಿ ಬೇಡ. 20 ಸ್ವರ, 24 ವ್ಯಂಜನ ಅನ್ನೋದು ಬ್ರಿಟಿಷ್ ಇಂಗ್ಲಿಷಿನ ಲೆಕ್ಕ. ಅದನ್ನು ಬೋರ್ಡಿಗೆ ಹಾಕಿದರೆ ಉಚ್ಚಾರಣೆ ಅಂದ್ರೆ ಲಂಡನ್ನಿನವರ ಥರ ಮಾತಾಡೋದು ಅನ್ನುವ ಭ್ರಮೆ ಗಟ್ಟಿಯಾಗುತ್ತೆ. ಶೋಕಿ ಅನ್ನುವ ಮಾತು ಹುಟ್ಟೋದೇ ಅಲ್ಲಿ. 'ದಿಸ್' ಅನ್ನು ನಮ್ಮ ದಕಾರದಲ್ಲೇ ಹೇಳಲಿ, ಯಾರಿಗೂ ತೊಡಕಾಗಲ್ಲ.

ತೊಡಕಾಗೋದು ಒತ್ತು ತಪ್ಪಿದಾಗ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಪೂರ್ತಿ ಪಾಲು. ಇಂಗ್ಲಿಷಿನಲ್ಲಿ ಒಂದು ಉಬ್ಬುತ್ತೆ, ಪಕ್ಕದವು ಕುಗ್ಗುತ್ತವೆ. ಅವರ ಪಠ್ಯದ ಪದಗಳನ್ನೇ ಹಿಡಿಯಿರಿ: 'ಇಕಾನಮಿ'ಯಲ್ಲಿ (ಇ-ಕಾ-ನ-ಮಿ) ಒತ್ತು ಎರಡನೇ ತುಂಡಿಗೆ, 'ಎಕನಾಮಿಕ್ಸ್'ನಲ್ಲಿ ಮೂರನೆಯದಕ್ಕೆ. 'ರೆಕಾರ್ಡ್' ನಾಮಪದವಾದರೆ ಮೊದಲ ತುಂಡು, ಕ್ರಿಯಾಪದವಾದರೆ ಎರಡನೆಯದು. ಡೆಸ್ಕಿನ ಮೇಲೆ ಬೆರಳಲ್ಲಿ ತಟ್ಟಿಸಿ, ಒತ್ತಿದ್ದಲ್ಲಿ ಮಾತ್ರ ಜೋರಾಗಿ. ವಾರಕ್ಕೆ ಹತ್ತು ಪದ ಸಾಕು. ಹೆಚ್ಚಿನ ನಿಘಂಟುಗಳಲ್ಲಿ ಒತ್ತಿನ ಗೆರೆ ಆ ತುಂಡು ಶುರುವಾಗುವ ಮೊದಲೇ ಇರುತ್ತೆ, ಮುಗಿದ ಮೇಲೆ ಅಲ್ಲ. ಇದನ್ನು ತೋರಿಸದಿದ್ದರೆ ಅರ್ಧ ತರಗತಿ ತಪ್ಪಾಗಿ ಓದುತ್ತೆ.

ಬರೆಪೊಳೆ
ಎರಡನೆಯದು ಪದದ ತುದಿ. ಭೂತಕಾಲದ 'ಇಡಿ'ಗೆ (-ed) ಮೂರು ದನಿ: 'ವಾಕ್ಟ್', 'ಪ್ಲೇಡ್', 'ವಾಂಟಿಡ್'. ಅಕ್ಷರ ನೋಡಿ ಓದುವವರು 'ವಾಕೆಡ್' ಅಂತಾರೆ. ಗಂಟಲ ಮೇಲೆ ಬೆರಳಿಡಿಸಿ: ಕ್ರಿಯಾಪದದ ಕೊನೆಯ ದನಿಗೆ ಅದುರಿದರೆ 'ಡ್', ಅದುರದಿದ್ದರೆ 'ಟ್'. ಕೊನೆಯ ದನಿಯೇ 'ಟ್' ಅಥವಾ 'ಡ್' ಆಗಿದ್ದರೆ ಮಾತ್ರ 'ಇಡ್'.

'ಎಗ್' ಹೋಗಿ 'ಯೆಗ್', 'ಓನ್ಲಿ' ಹೋಗಿ 'ವೋನ್ಲಿ' ಆಗೋದು ಕನ್ನಡದ ಬಾಯಿಯ ಅಭ್ಯಾಸ. ಬಯ್ದು ಪ್ರಯೋಜನವಿಲ್ಲ. ಹಿಂದಿನ ಪದಕ್ಕೆ ಅಂಟಿಸಿ ಹೇಳಿಸಿ: 'ಆ್ಯನ್ ಎಗ್' ಅನ್ನು 'ಅನೆಗ್', 'ಇಫ್ ಓನ್ಲಿ' ಅನ್ನು 'ಇಫೋನ್ಲಿ'. ಯಕಾರ, ವಕಾರ ನುಸುಳಲು ಜಾಗವೇ ಇರಲ್ಲ.

ತಕ್ಕ್_ಪ್ರಿಯ
ಒಂದು ಮಾತು ಬಿಟ್ಟುಹೋಯಿತು. 'ಬರ್ಡ್', 'ಗರ್ಲ್' ಸ್ವರ ಬರೀ ಕನ್ನಡ ಆಡುವವರಿಗೆ ಕಷ್ಟ. ಕೊಡವ ತಕ್ಕಿನಲ್ಲಿ ಕನ್ನಡದ ಐದು ಮೂಲ ಸ್ವರಗಳ (ಅ, ಇ, ಉ, ಎ, ಒ) ಜೊತೆ ತುಟಿ ದುಂಡಾಗದ ಇನ್ನೆರಡು ಇವೆ, ಹ್ರಸ್ವವೂ ದೀರ್ಘವೂ. ಅದೇ ದನಿ ಅಲ್ಲದಿದ್ದರೂ ನಾಲಿಗೆಗೆ ದಾರಿ ಗೊತ್ತಿದೆ. ಆ ಮಕ್ಕಳಿಂದಲೇ ಹೇಳಿಸಿ ನೋಡಿ, ಹಿಂದಿನ ಬೆಂಚು ತೆಪ್ಪಗಾಗುತ್ತೆ.

ಒಬ್ಬೊಬ್ಬರನ್ನೇ ನಿಲ್ಲಿಸಬೇಡಿ. ಮೊದಲು ಎಲ್ಲರೂ ಒಟ್ಟಿಗೆ, ಆಮೇಲೆ ಇಬ್ಬಿಬ್ಬರು, ಕೊನೆಗೆ ಮೊಬೈಲಿನಲ್ಲಿ 30 ಸೆಕೆಂಡ್ ರೆಕಾರ್ಡಿಂಗ್, ನಿಮಗೆ ಮಾತ್ರ. ಒಂದಕ್ಕೆ ಒಂದೇ ತಪ್ಪು ಗುರುತಿಸಿ. ಐದು ಗುರುತಿಸಿದರೆ ಮುಂದಿನ ವಾರ ಕಳಿಸಲ್ಲ.

ಹಾರಂಗಿ_ದಂಡೆ
ಸರಿ. 'ವೆಸ್ಟ್' ಅಂದರೆ ಪಶ್ಚಿಮವೋ ಬನಿಯನ್ನೋ, ಅದೊಂದು ಉಳಿಯಿತು.

ಬರೆಪೊಳೆ
ಕನ್ನಡದ 'ವ' ಎರಡರ ನಡುವೆ ನಿಲ್ಲುತ್ತೆ, ಅದಕ್ಕೇ ಗಲಿಬಿಲಿ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗುಂಯ್ಗುಡಬೇಕು. ಪಶ್ಚಿಮಕ್ಕೆ ಹಲ್ಲಿನ ಕೆಲಸವಿಲ್ಲ, 'ಉ' ಅನ್ನುವಂತೆ ತುಟಿ ದುಂಡಗೆ ಮಾಡಿ ಬಿಡೋದು. ಕೈಗನ್ನಡಿ ಇದ್ದರೆ ಐದು ನಿಮಿಷದ ಕೆಲಸ.